ಅಪ್ಪನ ವೈಫೈ ಕಾವಲು

ನಮ್ಮ ಅಪ್ಪ ಯಾರನ್ನೂ ನಂಬುವ ಪೈಕಿಯಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ನೂಲಿನ ಅಂಗಡಿಯವನು ತೂಕದಲ್ಲಿ ಹೊಡೆಯುತ್ತಾನೆ, ಕಂಡಕ್ಟರ್ ಚಿಲ್ಲರೆ ಇಟ್ಟುಕೊಂಡೇ ಇಲ್ಲ ಎನ್ನುತ್ತಾನೆ. ಇದು ಅವನ ಲೋಕಜ್ಞಾನ. ನೆಂಟರು ಬಂದು ಹೋದ ಮೇಲೆ ಅವರು ಯಾಕೆ ಬಂದಿದ್ದರು ಎಂದು ಎರಡು ದಿನ ಯೋಚಿಸುತ್ತಾನೆ. ಸುಮ್ಮನೆ ಮಾತಾಡಿಸಲು ಬಂದಿರಬಹುದು ಎಂದು ಅವ್ವ ಹೇಳಿದರೆ ಅವ್ವನ ಮೇಲೂ ಅನುಮಾನ. ಆ ಗುಣ ಮಗಳಾದ ನನಗೂ ರಕ್ತದಲ್ಲೇ ಇಳಿದಿದೆ. ಅಪ್ಪ ಊರವರನ್ನು ಅನುಮಾನಿಸುತ್ತಾನೆ, ನಾನು ಅಪ್ಪನನ್ನು ಅನುಮಾನಿಸುತ್ತೇನೆ, ಅಷ್ಟೇ ಫರಕು.

ಗಜೇಂದ್ರಗಡದಲ್ಲಿ ಗುಡ್ಡದ ಬುಡಕ್ಕೆ ಹತ್ತಿದ ಓಣಿಯಲ್ಲಿ ನಮ್ಮದು ನೇಕಾರರ ಮನೆ. ಅಪ್ಪನದೊಂದು ಮಗ್ಗ, ನನ್ನದೊಂದು. ಅವ್ವ ಲಾಳಿಗೆ ನೂಲು ಸುತ್ತಿಕೊಡುತ್ತಾಳೆ. ಪಟ್ಟೇದ ಅಂಚಿನ ಸೀರೆ ನೇಯುವುದು ನಮಗೆ ಹುಟ್ಟಿದಾಗಿನಿಂದ ಬಂದ ಕೆಲಸ. ಮೊದಲೆಲ್ಲ ವ್ಯಾಪಾರಿಗಳು ಮನೆಗೇ ಬಂದು ಸೀರೆ ಒಯ್ಯುತ್ತಿದ್ದರು. ಈಗ ಬಹಳಷ್ಟನ್ನು ನಾನೇ ಫೋನಿನಲ್ಲಿ ಮಾರುತ್ತೇನೆ. ಗಿರಾಕಿ ಫೋನಿನಲ್ಲಿ ಮುಖ ತೋರಿಸಿ ಕೂರುತ್ತಾಳೆ, ನಾನು ಸೆರಗು ಬಿಚ್ಚಿ ತೋರಿಸುತ್ತೇನೆ, ಬೆಳಕಿಗೆ ಹಿಡಿ ಎಂದರೆ ಬೆಳಕಿಗೆ ಹಿಡಿಯುತ್ತೇನೆ. ಆದರೆ ನಮ್ಮ ಕಲ್ಲಿನ ಗೋಡೆಗಳು ಎಷ್ಟು ದಪ್ಪವೆಂದರೆ ಮಗ್ಗದ ಕೋಣೆಗೆ ಕಾಲಿಟ್ಟ ಕೂಡಲೇ ಸಿಗ್ನಲ್ ಸತ್ತು ಹೋಗುತ್ತದೆ. ಸೆರಗಿನ ಅರ್ಧಕ್ಕೆ ಗಿರಾಕಿಯ ಮುಖ ಕಲ್ಲಾಗಿ ನಿಂತುಬಿಡುತ್ತಿತ್ತು. ಅದಕ್ಕಾಗಿ ನಾನು ಹಟ ಹಿಡಿದು ವೈಫೈ ಹಾಕಿಸಿದೆ.

ಕೇಬಲ್ಲಿನವನು ಬಂದು, ಹಿಂದೆ ಚಿಮಣಿ ದೀಪ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಒಂದು ಕರಿ ಡಬ್ಬಿ ಇಟ್ಟು ಹೋದ. ಅಪ್ಪ ಅದನ್ನು ಸುತ್ತುಹಾಕಿ ನೋಡಿದ. ಕಿವಿ ಇಟ್ಟು ಕೇಳಿದ. ಕೊನೆಗೆ ಅವನು ಕೇಳಿದ್ದು ಒಂದೇ ಪ್ರಶ್ನೆ.

“ಇದು ಗ್ವಾಡಿ ದಾಟಿ ಹೊರಗ ಹೋಗತೈತೇನು?”

“ಸ್ವಲ್ಪ ಹೋಗತೈತಿ” ಎಂದೆ. ಹಾಗೆ ಹೇಳಬಾರದಿತ್ತು.

ಅಪ್ಪ ನನ್ನ ಫೋನು ಹಿಡಿದುಕೊಂಡು ಓಣಿಗಿಳಿದ. ಹೊಲದ ಬದು ಅಳೆಯುವವನ ಹಾಗೆ ಹೆಜ್ಜೆ ಹಾಕುತ್ತ, ಎಲ್ಲಿಯವರೆಗೆ ನಮ್ಮ ವೈಫೈ ಸಿಗುತ್ತದೆ ಎಂದು ನೋಡಿಕೊಂಡು ಬಂದ. ಅದು ಎದುರುಮನೆ ಅಜ್ಜನ ಕಟ್ಟೆಯವರೆಗೂ ಸಿಗುತ್ತಿತ್ತು. ಆ ಕಟ್ಟೆಯ ಮೇಲೆ ಅಜ್ಜ ಮುಂಜಾನೆಯಿಂದ ಸಂಜೆಯವರೆಗೆ ಕೂತಿರುತ್ತಾನೆ, ಕಿವಿಗೆ ಫೋನು ಹಚ್ಚಿಕೊಂಡು. ಅಪ್ಪನಿಗೆ ಅಷ್ಟು ಸಾಕಾಯಿತು. ಅವತ್ತಿನಿಂದ ಓಣಿ ಕಡೆಯ ಕಿಟಕಿ ಮುಚ್ಚಿತು. ಮಗ್ಗದ ಕೋಣೆಯಲ್ಲಿ ಬೆವರು ಸುರಿಯುತ್ತಿದ್ದರೂ ಅಪ್ಪ ಅದನ್ನು ತೆರೆಯಗೊಡಲಿಲ್ಲ. ಹೊಗೆ ಹೋದ ಹಾಗೆ ವೈಫೈಯೂ ಕಿಟಕಿಯಿಂದಲೇ ಹೋಗುತ್ತದೆ ಎಂಬುದು ಅವನ ಲೆಕ್ಕ.

ವೈಫೈಗೆ ಹೆಸರಿಡುವ ಹೊತ್ತು ಬಂದಾಗ ಅಪ್ಪ, “ಹಾವು ಐತಿ ಅಂತ ಇಡು” ಎಂದ.

“ಯಾಕ?”

“ಹೊಲದಾಗ ಪೇರಲ ಗಿಡಕ್ಕ ಹಂಗ ಬರದು ಹಾಕಿದ್ರ ಹುಡುಗರು ಸನೇಕ ಬರೂದಿಲ್ಲ. ಇದಕ್ಕೂ ಹಂಗ.”

ಹೀಗಾಗಿ ನಮ್ಮ ಓಣಿಯಲ್ಲಿ ಯಾರು ಫೋನು ತೆರೆದರೂ ಸಾಲಾಗಿ ಬರುವ ಹೆಸರುಗಳ ನಡುವೆ “ಹಾವು ಐತಿ” ಎಂದು ಕಾಣಿಸುತ್ತಿತ್ತು. ಪಾಸ್‌ವರ್ಡನ್ನು ಅಪ್ಪ ಆಗಾಗ ಬದಲಿಸು ಎನ್ನುತ್ತಿದ್ದ. ಯಾರಾದರೂ ಕೇಳಿದರೆ ನೆಟ್ಟು ಬಂದಾಗಿದೆ ಎಂದು ಮುಖದ ಮೇಲೆ ಹೇಳಿ ಕಳಿಸುತ್ತಿದ್ದ. ರಾಜೂರಿನಿಂದ ಬಂದ ಸೋದರತ್ತೆಗೂ ಹಾಗೇ ಹೇಳಿದ. ಆಕೆ ತಂದ ರೊಟ್ಟಿಯನ್ನು ಮಾತ್ರ ಚೆನ್ನಾಗಿ ತಿಂದ.

ನಿಜ ಹೇಳಬೇಕೆಂದರೆ ಅಪ್ಪನ ಕಾವಲೆಲ್ಲ ಬಾಗಿಲ ಹೊರಗಿನದು. ಡಬ್ಬಿಗೆ ಎರಡು ಬೀಗ ಇರುತ್ತವೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಒಂದು, ವೈಫೈ ಹಿಡಿಯಲು ಕೊಡುವ ಪಾಸ್‌ವರ್ಡು. ಇನ್ನೊಂದು, ಡಬ್ಬಿಯ ಒಳಗೆ ಹೋಗಿ ಅದರ ಸೆಟ್ಟಿಂಗನ್ನೇ ಬದಲಿಸುವ ಪಾಸ್‌ವರ್ಡು. ಈ ಎರಡನೆಯದು ಕಂಪನಿಯಿಂದ ಬರುವಾಗ ಬಹಳ ಡಬ್ಬಿಗಳಿಗೆ ಒಂದೇ ಇರುತ್ತದೆ, ಡಬ್ಬಿಯ ಬೆನ್ನ ಮೇಲೆ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಬದಲಿಸದೆ ಬಿಟ್ಟರೆ ಮೊದಲನೆಯದನ್ನು ದಿನಕ್ಕೊಂದು ಸಲ ಬದಲಿಸಿದರೂ ಫಾಯದೆ ಇಲ್ಲ. ಫೋನಿನಲ್ಲಿ ನೋಡಿ ನೋಡಿ ನಾನೇ ಕಲಿತು ಎರಡನ್ನೂ ಬದಲಿಸಿದೆ. ಬಂದುಹೋಗುವವರಿಗಾಗಿ ಬೇರೆ ಹೆಸರಿನ ಇನ್ನೊಂದು ವೈಫೈ ಮಾಡಿದೆ. ಪರಕೀಯರನ್ನು ಪಡಸಾಲೆಯಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸುತ್ತೇವಲ್ಲ, ಹಾಗೆ. ಅದರಲ್ಲಿ ಬಂದವರ ಫೋನು ನಮ್ಮ ಫೋನುಗಳ ಗೊಡವೆಗೆ ಬರುವುದಿಲ್ಲ. ಡಬ್ಬಿಗೆ ಕಂಪನಿಯವರು ಕಳಿಸುವ ಹೊಸ ತಿದ್ದುಪಡಿಗಳನ್ನು ಬಂದಾಗಲೆಲ್ಲ ಹಾಕಿದೆ. ಇದು ಯಾವುದನ್ನೂ ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಒಳಗೆ ಕೈಹಾಕಿ ಏನಾದರೊಂದು ಕೆಡಿಸುತ್ತಾನೆಂದು ನನಗೆ ಅನುಮಾನ. ಒಟ್ಟಿನಲ್ಲಿ ಗಜೇಂದ್ರಗಡದಲ್ಲಿ ಅಷ್ಟು ಭದ್ರವಾದ ವೈಫೈ ಇನ್ನೊಂದು ಮನೆಯಲ್ಲಿ ಇತ್ತೆಂದು ನನಗನಿಸುವುದಿಲ್ಲ.

ಇದೇ ದಿನಗಳಲ್ಲಿ ಹೊಳೆಆಲೂರಿನಿಂದ ನನಗೊಂದು ಸಂಬಂಧ ಬಂತು. ಹುಡುಗ ರೋಣದಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ತಂದೆ ಮಗ ಇಬ್ಬರೂ ಅಂಗಡಿಯಲ್ಲಿ ಕೂರುತ್ತಿದ್ದರು. ಅವರು ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ಚಹಾ ಆದ ಮೇಲೆ, ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ನಮ್ಮಿಬ್ಬರನ್ನು ಮಗ್ಗದ ಕೋಣೆಗೆ ಕಳಿಸಿದರು. ಅಪ್ಪ ಬಾಗಿಲ ಹೊರಗೆ ಕೆಮ್ಮುತ್ತ ನಿಂತಿದ್ದ.

ನಾನು ಆ ಹುಡುಗನನ್ನೂ ಅನುಮಾನದಿಂದಲೇ ನೋಡಿದೆ. ಅಂಗಿ ಹೊಸದು, ಕೈಗಡಿಯಾರ ಯಾರದೋ ಇಸಿದುಕೊಂಡದ್ದಿರಬೇಕು, ಸಡಿಲವಾಗಿತ್ತು. ಅವನು ಸ್ವಲ್ಪ ಹೊತ್ತು ಮಗ್ಗ ನೋಡಿದ, ಆಮೇಲೆ ಫೋನು ತೆಗೆದ. ಬಂದಲ್ಲೂ ಫೋನೇ ಎಂದು ನನಗೆ ಸಿಟ್ಟು ಬಂತು.

“ನಿಮ್ಮ ಮನ್ಯಾಗ ಹಾವು ಐತಂತ ತೋರಸಾಕತ್ತೈತ್ರಿ ನನ್ನ ಫೋನು” ಎಂದ, ಮುಖ ಗಂಭೀರ ಮಾಡಿಕೊಂಡು.

ನನಗೆ ನಗು ತಡೆಯಲಾಗಲಿಲ್ಲ. “ಅದು ನಮ್ಮ ಅಪ್ಪ ಇಟ್ಟ ಹೆಸರ್ರಿ. ಪಾಸ್‌ವರ್ಡ್ ಕೊಡ್ಲೇನು?”

“ಬ್ಯಾಡ್ರಿ. ಹಾವು ಬಾಗಲದಾಗ ನಿಂತೈತಿ.”

ಹೊರಗೆ ಅಪ್ಪ ಮತ್ತೊಮ್ಮೆ ಕೆಮ್ಮಿದ. ನಾವಿಬ್ಬರೂ ಬಾಯಿಗೆ ಕೈ ಹಿಡಿದುಕೊಂಡು ನಕ್ಕೆವು. ಅದಕ್ಕೂ ಮೊದಲು ನನ್ನನ್ನು ನೋಡಲು ಬಂದವರು ಅಡಿಗೆ ಬರುತ್ತದೇನು, ಮಗ್ಗ ಬಿಡುತ್ತೀಯೇನು ಎಂದು ಕೇಳಿದವರೇ. ಯಾರೂ ನಗಿಸಿರಲಿಲ್ಲ. ಅವರು ಹೋದ ಮೇಲೆ ನಾನು ಮಗ್ಗಕ್ಕೆ ಕೂತು, ಬಣ್ಣ ತಪ್ಪಿ ಗೇಣುದ್ದ ನೇಯ್ದು, ಅದನ್ನು ಬಿಚ್ಚಬೇಕಾಯಿತು. ಮನಸ್ಸಿಗೆ ಬಂದಿದ್ದ, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಮಾತ್ರ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದೆ ನಿಶ್ಚಯಕ್ಕೆ ದಿನ ನೋಡುವುದು ಎಂದಾಯಿತು.

ಇನ್ನು ಲಗ್ನಪತ್ರಿಕೆಯ ಮಾತು. ನಮ್ಮ ಮನೆಯಲ್ಲಿ ಯಾರ ಲಗ್ನಪತ್ರಿಕೆ ಬಂದರೂ ಬಂದ ಕೂಡಲೇ ಒಡೆದು ಓದುವುದಿಲ್ಲ. ಮೊದಲು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ದೇವರ ಜಗಲಿಯ ಮೇಲೆ ಚಣಹೊತ್ತು ಇಟ್ಟು, ಕೈಮುಗಿದು ಆಮೇಲೆ ತೆಗೆಯುವುದು. ಪತ್ರಿಕೆ ಕೈಯಲ್ಲಿದ್ದಾಗ ಇಲ್ಲ, ಬೇಡ ಎಂಬ ಮಾತು ಬಾಯಿಂದ ಬರಬಾರದು. ಹೋಗಲಿಕ್ಕಾಗದಿದ್ದರೂ “ಬರ್ತೀವಿ” ಎನ್ನಬೇಕು. ಶುಭಕಾರ್ಯಕ್ಕೆ ಬೇಡ ಎಂದರೆ ನಮ್ಮ ಮನೆಯ ಶುಭಕಾರ್ಯಕ್ಕೂ ಅಡ್ಡಿ ಬರುತ್ತದೆಂಬ ನಂಬಿಕೆ. ಪತ್ರಿಕೆಗಳು ಫೋನಿನಲ್ಲಿ ಬರತೊಡಗಿದ ಮೇಲೆ ಅಪ್ಪ ಪದ್ಧತಿ ಬಿಡಲಿಲ್ಲ. ಫೋನಿನ ನೆತ್ತಿಗೆ ಕುಂಕುಮ ಹಚ್ಚಿ, ಫೋನನ್ನೇ ಜಗಲಿಯ ಮೇಲೆ ಇಟ್ಟು, ಕೈಮುಗಿದು ತೆರೆಯುತ್ತಿದ್ದ. ಹಾಲಿನವನನ್ನು ನಂಬದ ಮನುಷ್ಯ ಲಗ್ನಪತ್ರಿಕೆಯನ್ನು ನಂಬುತ್ತಿದ್ದ. ಮಗಳ ಮದುವೆ ಕೂಡಿಬರುವ ಹೊತ್ತಿನಲ್ಲಂತೂ ಕೇಳುವುದೇ ಬೇಡ.

ಒಂದು ಮುಂಜಾನೆ ನಾನು ಮಗ್ಗಕ್ಕೆ ಹೋಗುವಾಗ ಅಪ್ಪನ ಫೋನು ಜಗಲಿಯ ಮೇಲಿತ್ತು, ಅಪ್ಪ ಎದುರು ನಿಂತಿದ್ದ. ಯಾರದೋ ಪತ್ರಿಕೆ ಬಂದಿರಬೇಕೆಂದು ಮುಂದೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಮನೆಯ ಫೋನುಗಳೆಲ್ಲ ಕೂಗತೊಡಗಿದವು.

ಮೊದಲು ರಾಜೂರಿನ ಸೋದರತ್ತೆ. “ಮನಿಗೆ ಬಂದು ಉಡಿ ತುಂಬಿ ಕರಿಯೂದು ಬಿಟ್ಟು ಫೋನಿನ್ಯಾಗ ಪತ್ರಿಕಿ ಕಳಿಸೀರಲ್ಲ, ನಾ ಅಷ್ಟು ಹೊರಗಿನಾಕಿ ಆದೆನೇನ?” ಎಂದು ಅಳತೊಡಗಿದಳು. ಆಕೆಯ ಹಿಂದೆ ನೂಲಿನ ಅಂಗಡಿಯವರು, ಅವರ ಹಿಂದೆ ಅವ್ವನ ತವರಿನವರು. ಎಲ್ಲರದೂ ಒಂದೇ ಪ್ರಶ್ನೆ, ಮದುವೆ ಯಾವಾಗ, ಯಾರ ಸಂಗಡ. ಅಪ್ಪನ ನಂಬರಿನಿಂದ ಎಲ್ಲರಿಗೂ “ಲಗ್ನಪತ್ರಿಕೆ” ಎಂಬ ಹೆಸರಿನ ಫೈಲು ಹೋಗಿತ್ತು. ಯಾರ ಮದುವೆಯೂ ಇರಲಿಲ್ಲ.

ನಾನು ಅಪ್ಪನ ಫೋನು ಇಸಿದುಕೊಂಡು ನೋಡಿದೆ. ಅದು ಪತ್ರಿಕೆಯೇ ಅಲ್ಲ, ಪತ್ರಿಕೆಯ ವೇಷದಲ್ಲಿ ಬಂದ ವೈರಸ್ಸು. ಬಂದದ್ದು ನರಗುಂದದ ಮಾವನ ನಂಬರಿನಿಂದ. ಪಾಪ, ಆ ಮಾವನಿಗೂ ಇನ್ಯಾರಿಂದಲೋ ಬಂದದ್ದು. ಅದನ್ನು ಒತ್ತಿದರೆ ಫೋನು ಸುಮ್ಮನೆ ಒಳಗೆ ಬಿಡುವುದಿಲ್ಲ. ಇದು ಗುರುತಿಲ್ಲದ್ದು, ಹಾಕಿಕೊಳ್ಳಲೇ ಎಂದು ಕೇಳುತ್ತದೆ. ಮೆಸೇಜು ಓದಲು ಬಿಡಲೇ, ಎಲ್ಲರ ನಂಬರು ನೋಡಲು ಬಿಡಲೇ ಎಂದು ಮತ್ತೆ ಮತ್ತೆ ಕೇಳುತ್ತದೆ. ಬೇಡ ಎಂದು ಎಲ್ಲಿ ಒತ್ತಿದರೂ ಉಳಿದುಕೊಳ್ಳಬಹುದು. ಆದರೆ ಜಗಲಿಯ ಮುಂದೆ, ಲಗ್ನಪತ್ರಿಕೆಗೆ, ಮಗಳ ನಿಶ್ಚಯ ಎದುರಿಗಿರುವಾಗ, ನಮ್ಮ ಅಪ್ಪ ಬೇಡ ಎಂದು ಒತ್ತುತ್ತಾನೆಯೇ? ಕೇಳಿದ್ದಕ್ಕೆಲ್ಲ ಹೂಂ ಎಂದಿದ್ದಾನೆ.

“ಯಪ್ಪಾ, ನೀ ಇದನ್ನ ಒತ್ತಿದಿಯೇನು?”

“ನಾ ಏನೂ ಒತ್ತಿಲ್ಲ. ಯಾರೋ ವೈಫೈದಾಗ ಹೊಕ್ಕಾರ. ನಾ ಮೊದಲಿಂದ ಹೇಳಾಕತ್ತಿದ್ದಿಲ್ಲ?”

ಫೋನಿನ ಗಾಜನ್ನು ಅವನು ಒರೆಸಿದ್ದ. ಕವರಿನ ಅಂಚಿನ ಸಂದಿಯಲ್ಲಿ ಕುಂಕುಮ ಹಾಗೇ ಇತ್ತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅಪ್ಪ ನೋಡಿದ. ನಾನು ಆ ಫೋನಿನ ನೆಟ್ಟು ತೆಗೆದು, ಬ್ಯಾಂಕಿಗೆ ಫೋನು ಮಾಡಿ ಖಾತೆ ತಡೆಹಿಡಿಸಿ, ಫೋನನ್ನು ಪೂರಾ ಅಳಿಸಿ ಹೊಸದರಂತೆ ಮಾಡಿದೆ. ಬಂದ ಪತ್ರಿಕೆ ಒತ್ತಬೇಡಿರಿ ಎಂದು ನನ್ನ ಫೋನಿನಿಂದ ಎಲ್ಲರಿಗೂ ಹೇಳುತ್ತ ಕೂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಅದು.

ಅಷ್ಟರಲ್ಲಿ ಅಪ್ಪ ಎದುರುಮನೆಗೆ ಹೋಗಿ ಜಗಳ ತೆಗೆದಿದ್ದ. ಕಟ್ಟೆಯ ಮೇಲೆ ಕೂತು ನಮ್ಮ ವೈಫೈ ಕದ್ದವನು ನೀನೇ, ವೈರಸ್ಸು ಬಿಟ್ಟವನೂ ನೀನೇ ಎಂದು ಅಜ್ಜನ ಮೇಲೆ ಹಾರಾಡುತ್ತಿದ್ದ. ಅಜ್ಜ ಎದ್ದೇಳಲಿಲ್ಲ. ಕಿಸೆಯಿಂದ ಫೋನು ತೆಗೆದು ಅಪ್ಪನ ಕೈಯಲ್ಲಿಟ್ಟ. ಅದು ಗುಂಡಿ ಒತ್ತುವ ಹಳೇ ಫೋನು. ಅದರಲ್ಲಿ ವೈಫೈ ಇರಲಿ, ಕ್ಯಾಮೆರಾವೂ ಇರಲಿಲ್ಲ. ಮೊಮ್ಮಗಳು ತುಂಬಿಸಿಕೊಟ್ಟ ಭಜನೆ ಕೇಳುತ್ತ ಇಷ್ಟು ದಿನ ಅವನು ಅಲ್ಲಿ ಕೂರುತ್ತಿದ್ದ.

“ಕಿಡಕಿ ಯಾಕ ಮುಚ್ಚೀಯೋ ತಮ್ಮಾ? ಮಗ್ಗದ ಸಪ್ಪಳ ಕೇಳತಿತ್ತು, ಹೊತ್ತು ಹೋಗತಿತ್ತು ನನಗ” ಎಂದ ಅಜ್ಜ.

ಅಪ್ಪ ತಲೆ ತಗ್ಗಿಸಿ ಬಂದ. ಆದರೆ ವೈಫೈ ಹೊಕ್ಕವರ ಕಥೆಯನ್ನು ಬಿಡಲಿಲ್ಲ. ಅಜ್ಜ ಅಲ್ಲದಿದ್ದರೆ ಇನ್ನೊಬ್ಬ.

ಸಂಜೆ ಹೊಳೆಆಲೂರಿನಿಂದ ಫೋನು ಬಂತು. ಹುಡುಗನ ತಂದೆ. ದನಿ ತಣ್ಣಗಿತ್ತು. “ನಿಮ್ಮ ಮಗಳ ಲಗ್ನಪತ್ರಿಕಿ ಬಂತ್ರಿ ನಮಗ. ಹುಡುಗ ಯಾರು ಅಂತ ಕೇಳೋಣ ಅಂತ ಮಾಡಿದ್ವಿ.”

ಅಪ್ಪ ವೈರಸ್ಸು, ಹ್ಯಾಕರು, ವೈಫೈ ಎಂದು ತೊದಲಿದ. ಆ ಕಡೆಯವರು ನಂಬಿದಂತೆ ಕಾಣಲಿಲ್ಲ. ಹುಡುಗಿಗೆ ಬೇರೆ ಕಡೆ ಮಾತಾಗಿದೆ, ಅದನ್ನು ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ ಅವರಿಗೆ ಬಂದಿತ್ತು. ಎದುರೆದುರು ಕೂತು ಮಾತಾಡಬೇಕು, ಹುಡುಗಿಯನ್ನೂ ಕರೆದುಕೊಂಡು ಬನ್ನಿ, ಅವಳ ಬಾಯಿಂದಲೇ ಕೇಳಬೇಕು ಎಂದರು. ನಿಶ್ಚಯ ಆಗುವ ಮೊದಲು ಹುಡುಗಿ ಆ ಮನೆಯ ಹೊಸ್ತಿಲು ತುಳಿಯಬಾರದು ಎಂದು ಅವ್ವ ಹಟ ಹಿಡಿದಳು. ಆಗ ಹುಡುಗನ ತಂದೆಯೇ, ಹಾಗಾದರೆ ಹೊಳೆಆಲೂರಿನ ರೈಲ್ವೆ ಸ್ಟೇಷನ್ನಿಗೆ ಬನ್ನಿ, ಅದು ಯಾರ ಮನೆಯೂ ಅಲ್ಲ ಎಂದರು.

ಮರುದಿನ ನಾವು ಮೂವರು ಬಸ್ಸು ಹತ್ತಿದೆವು. ರೋಣದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ದಾರಿಯುದ್ದಕ್ಕೂ ಅಪ್ಪ ಹೇಳಬೇಕಾದ ಕಥೆಯನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಅವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳಿಗೂ ಗೊತ್ತಿತ್ತು, ಹಿಂದಿನ ದಿನ ಮುಂಜಾನೆ ಅಪ್ಪ ತೆರೆದಿಟ್ಟ ಕುಂಕುಮದ ಭರಣಿಯನ್ನು ಮುಚ್ಚಿದವಳು ಅವಳೇ. ನನಗೆ ಒಂದೇ ಚಿಂತೆ. ಈ ಸಂಬಂಧ ತಪ್ಪಿಹೋಗಬಾರದು.

ಸ್ಟೇಷನ್ನಿನಲ್ಲಿ ಯಾವ ಗಾಡಿಯೂ ಬರುವ ಹೊತ್ತಲ್ಲ. ಕಲ್ಲುಬೆಂಚಿನ ಮೇಲೆ ಹುಡುಗನ ತಂದೆತಾಯಿ ಕೂತಿದ್ದರು, ಹುಡುಗ ಪಕ್ಕದಲ್ಲಿ ನಿಂತಿದ್ದ. ನಮ್ಮನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದ, ತಂದೆಯ ಮುಖ ನೋಡಿ ನಿಂತ. ಎದುರಿನ ಬೆಂಚಿನಲ್ಲಿ ನಾವು ಕೂತೆವು. ಚಹಾ ತರಿಸಿದರು, ಯಾರೂ ಕುಡಿಯಲಿಲ್ಲ.

ಹುಡುಗನ ತಂದೆ ಸೀದಾ ನನ್ನನ್ನೇ ಕೇಳಿದರು. “ತಂಗೀ, ಖರೇ ಹೇಳು. ಬ್ಯಾರೆ ಎಲ್ಲೆರ ಮಾತಾಗೇತೇನು ನಿಂದು?”

“ಇಲ್ರಿ” ಎಂದೆ.

ಅಪ್ಪ ಕಥೆ ಶುರು ಮಾಡಿದ. ತಾನು ಎಷ್ಟು ಜೋಪಾನ ಮಾಡಿದರೂ ಯಾರೋ ವೈಫೈಯಲ್ಲಿ ಹೊಕ್ಕು ತನ್ನ ಫೋನಿಗೆ ವೈರಸ್ಸು ಬಿಟ್ಟರು ಎಂದ. ಹೇಳುತ್ತ ಹೇಳುತ್ತ ಹ್ಯಾಕರುಗಳು ಒಬ್ಬರಿಂದ ಒಂದು ಗುಂಪಾದರು.

“ಆತು. ನಿಮ್ಮನ್ಯಾಗ ಈ ವೈಫೈ ಯಾರು ನೋಡ್ಕೋತಾರ?”

“ಮಗಳ ನೋಡ್ಕೋತಾಳ್ರಿ.”

“ದಿನಾ ಫೋನಿನ್ಯಾಗ ಕಂಡಕಂಡವರ ಸಂಗಾಟ ಮಾತಾಡಿ ಸೀರಿ ಮಾರೋರು ಯಾರು?”

“ಆಕೀನ್ರಿ.”

“ಮತ್ತ? ಇಕಿ ಕೈಯಿಂದನ ಆಗೇತಿ ಅಂದಂಗಾತು. ಏನೋ ಒತ್ತ್ಯಾಳ, ಮನಿ ಫೋನಿಗೆಲ್ಲಾ ಹತ್ತೇತಿ. ಹೌದಲ್ಲ?”

ಅಪ್ಪ ನನ್ನ ಕಡೆ ನೋಡಲಿಲ್ಲ. ಚಹಾದ ಕಪ್ಪಿನ ಕಡೆ ನೋಡಿದ. “ಇರಬಹುದ್ರಿ” ಎಂದ.

ಆ ಒಂದು ಮಾತಿಗೆ ನನ್ನ ಕಿವಿ ಸುಟ್ಟ ಹಾಗಾಯಿತು. ಹೆತ್ತ ತಂದೆ, ನಾನು ಎದುರಿಗೇ ಕೂತಿರುವಾಗ, ತನ್ನ ತಪ್ಪನ್ನು ಎತ್ತಿ ನನ್ನ ಉಡಿಯಲ್ಲಿ ಹಾಕಿದ್ದ. ಅವ್ವ ಸೆರಗಿನಡಿಯಲ್ಲಿ ನನ್ನ ಕೈ ಹಿಡಿದು ಒತ್ತಿದಳು. ಸುಮ್ಮನಿರು ಎಂದೋ, ಮಾತಾಡು ಎಂದೋ ತಿಳಿಯಲಿಲ್ಲ.

ಹುಡುಗನ ತಂದೆಯ ದನಿ ಈಗ ಮೆತ್ತಗಾಯಿತು. ಗೆದ್ದವರ ದನಿ ಹಾಗೇ ಇರುತ್ತದೆ. “ಆಗಿದ್ದು ಆಗಿ ಹೋತು ಬಿಡ್ರಿ. ಹುಡುಗ್ಯಾರು, ಕೈ ತಪ್ಪತಾರ. ನಾವು ಮಾತು ಮುರಿಯೂ ಮಂದಿ ಅಲ್ಲ. ಲಗ್ನಾದ ಮ್ಯಾಲೆ ಫೋನು, ಸೀರಿ ವ್ಯಾಪಾರ ಎಲ್ಲಾ ಬಂದ್. ಅಷ್ಟಾದ್ರ ನಮ್ಮದೇನೂ ತಕರಾರಿಲ್ಲ.”

“ಆಗಲಿ ಬಿಡ್ರಿ” ಎಂದು ಅಪ್ಪ ಉಸಿರು ಬಿಟ್ಟ.

ಹುಡುಗ ನೆಲ ನೋಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವತ್ತೇ ಮಾತು ಮುಗಿಯುತ್ತಿತ್ತು. ಆ ಹುಡುಗ ನನ್ನವನಾಗುತ್ತಿದ್ದ. ಮದುವೆಯಾದ ಮೇಲೆ ಮೆಲ್ಲಗೆ ಅವನ ಮನಸ್ಸು ಒಲಿಸಿ ಫೋನು ತಿರುಗಿ ಇಸಿದುಕೊಳ್ಳಬಹುದು ಎಂದೂ ಒಂದು ಗಳಿಗೆ ಲೆಕ್ಕ ಹಾಕಿದೆ. ಆದರೆ ಆ ಮನೆಯಲ್ಲಿ ಮುಂದೆ ಬಾಗಿಲು ತೆರೆದಿದ್ದರೂ ನಾನೇ, ಹಾಲು ಉಕ್ಕಿದ್ದರೂ ನಾನೇ ಎಂದಾಗುತ್ತದಲ್ಲ. ನಾನು ಅಷ್ಟು ಕಷ್ಟಪಟ್ಟು ಭದ್ರ ಮಾಡಿದ ವೈಫೈ ಮೇಲೆ ಸುಳ್ಳು ಅಪವಾದ ಬಂದದ್ದೂ, ನಕ್ಕರೆ ನಗಿರಿ, ನನಗೆ ತಡೆಯಲಾಗಲಿಲ್ಲ.

“ನಾ ಒತ್ತಿಲ್ರಿ” ಎಂದೆ.

ಹುಡುಗನ ತಾಯಿ ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು.

“ನಮ್ಮ ವೈಫೈದಾಗ ಯಾರೂ ಹೊಕ್ಕಿಲ್ರಿ. ಅದು ಭದ್ರ ಐತಿ, ನಾನ ಮಾಡೀನಿ. ಈ ವೈರಸ್ಸು ಗ್ವಾಡಿ ಹಾರಿ ಬರೂದಿಲ್ಲ, ನಾವ ಬಾಗಲಾ ತಗದು ಕರಕೋಬೇಕು. ಯಾರು ಒತ್ತತಾರೋ ಅವರ ಫೋನಿಂದ ಅಷ್ಟ ಮುಂದಿನವರಿಗೆ ಹೋಗತೈತಿ. ನನ್ನ ಫೋನಿಂದ ಒಬ್ಬರಿಗೂ ಹೋಗಿಲ್ರಿ. ಬೇಕಾದ್ರ ನೋಡ್ರಿ” ಎಂದು ಫೋನನ್ನು ಬೆಂಚಿನ ಮೇಲೆ ಇಟ್ಟೆ. ಒತ್ತಿದವರು ಯಾರು ಎಂದು ಹೇಳಲಿಲ್ಲ. ಅಷ್ಟು ಮರ್ಯಾದೆ ಇಟ್ಟುಕೊಂಡೆ.

ಅಪ್ಪ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದ.

“ನಾನ ಒತ್ತೀನ್ರಿ” ಎಂದ. “ಲಗ್ನಪತ್ರಿಕಿ ಅಂತ ಬಂತು. ಕುಂಕುಮ ಹಚ್ಚಿ, ದೇವರ ಮುಂದ ಇಟ್ಟು ಒತ್ತೀನಿ. ಏನೇನೋ ಕೇಳ್ತು, ಮಗಳ ಕಾರ್ಯ ಐತಿ, ಬ್ಯಾಡ ಅಂತ ಹ್ಯಾಂಗ ಅನ್ನಲಿ, ಎಲ್ಲಾದಕ್ಕೂ ಹೂಂ ಅಂದೆ. ಮಗಳದೇನೂ ತಪ್ಪಿಲ್ಲ.”

ನಮ್ಮ ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಿಟ್ಟು ಇಳಿದುಬಿಟ್ಟಿತು. ಲಾಳಿ ಹೊಡೆದು ಹೊಡೆದು ಗಂಟಾದ ಅವನ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹುಡುಗನ ತಂದೆಗೆ ನಿಲ್ಲಿಸಲಾಗಲಿಲ್ಲ.

“ಹಂಗಾರ ನಮ್ಮ ಅಂಗಡಿ ಗಿರಾಕಿಗೆ ಹ್ಯಾಂಗ ಹೋತ್ರಿ? ರೋಣದಾಗ ಔಷಧಿ ಒಯ್ಯಾಕ ಬಂದವರೆಲ್ಲಾ ಯಾರ ಮದುವಿ, ಯಾರ ಮದುವಿ ಅಂತ ಜೀವಾ ತಿನ್ನಾಕತ್ತಾರ. ಅದು ನಿಮ್ಮ ಹುಡುಗಿ ಫೋನಿಂದ ಅಲ್ಲಂದ್ರ ಎಲ್ಲಿಂದ ಹೋತು?”

ಅಪ್ಪನ ರಕ್ತ ನನ್ನ ಮೈಯಲ್ಲಿ ಎಚ್ಚರಾಯಿತು. “ನಿಮ್ಮ ಗಿರಾಕಿ ನಂಬರ್ ನಮ್ಮ ಮನ್ಯಾಗ ಯಾರ ಹತ್ರನೂ ಇಲ್ರಿ. ಯಾರ ಹತ್ರ ಅದಾವ?” ಎಂದುಬಿಟ್ಟೆ.

ಹುಡುಗನ ತಂದೆಯ ಕೈ ಅವರಿಗೆ ಗೊತ್ತಿಲ್ಲದೇ ಮೇಲಿನ ಕಿಸೆಗೆ ಹೋಯಿತು. ಫೋನು ಅಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಹುಡುಗ ಫಕ್ಕನೆ ನಕ್ಕ. ಅಂದು ಮಗ್ಗದ ಕೋಣೆಯಲ್ಲಿ ನಕ್ಕ ಹಾಗೆಯೇ. ತಂದೆ ತಿರುಗಿ ನೋಡಿದರು. ನಗು ನಿಂತಿತು. ಅವನು ಮತ್ತೆ ನೆಲ ನೋಡತೊಡಗಿದ. ಒಂದು ಮಾತು, ಒಂದೇ ಒಂದು ಮಾತು ಆಡುತ್ತಾನೇನೋ ಎಂದು ನಾನು ಕಾದೆ. ಅವನು ಆಡಲಿಲ್ಲ.

ಹುಡುಗನ ತಂದೆ ಧೋತರ ಕೊಡವಿಕೊಂಡು ಎದ್ದರು. “ಹಿರೇರ ಮುಂದ ಇಷ್ಟು ಮಾತಾಡೂ ಹುಡುಗಿ ನಮ್ಮ ಮನಿಗೆ ಹೊಂದೂದಿಲ್ರಿ. ಇಲ್ಲಿಗೇ ಬಿಡೋಣ” ಎಂದರು. ಹುಡುಗನ ತಾಯಿ ಅವ್ವನಿಗೆ ಕೈಮುಗಿದರು. ಮೂವರೂ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು, ಮೆಟ್ಟಿಲಿಳಿದು ಹೋದರು. ಹುಡುಗ ತಿರುಗಿ ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಬೆಂಚಿನ ಮೇಲಿನ ಫೋನು ಎತ್ತಿಕೊಳ್ಳುತ್ತಿದ್ದೆ.

ರೋಣದಲ್ಲಿ ಗಜೇಂದ್ರಗಡದ ಬಸ್ಸು ತುಂಬಿತ್ತು. ಅವ್ವನಿಗೆ ಮುಂದೆ ಹೆಂಗಸರ ಪಕ್ಕ ಜಾಗ ಸಿಕ್ಕಿತು. ಅಪ್ಪ, ನಾನು ಹಿಂದೆ ಒಂದೇ ಸೀಟಿನಲ್ಲಿ ಕೂತೆವು. ಅಪ್ಪ ಬೈಯುತ್ತಾನೆಂದು ಕಾಯುತ್ತಿದ್ದೆ. ಬಂದ ಸಂಬಂಧ ಬಾಯಿಂದ ಕಳೆದುಕೊಂಡೆ ಎನ್ನುತ್ತಾನೆ, ಇನ್ನು ಯಾರು ಬರುತ್ತಾರೆ ಎನ್ನುತ್ತಾನೆ ಎಂದು ಉತ್ತರವನ್ನೂ ಹೊಂದಿಸಿಕೊಂಡಿದ್ದೆ. ನಾನು ಆಡಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಬಸ್ಸು ಊರು ದಾಟಿ ಹೊಲಗಳ ನಡುವೆ ಬಂದ ಮೇಲೆ ಅಪ್ಪ ನನ್ನ ಕಡೆ ಮುಖ ಮಾಡದೆ ಕೇಳಿದ.

“ಯವ್ವಾ, ಆ ಹುಡುಗ ನಿನಗ ಮನಸಿಗಿ ಬಂದಿದ್ನೇನು?”

ಆ ಮನೆತನ ಹೇಗೆ, ಅಂಗಡಿ ಸ್ವಂತದ್ದೋ ಬಾಡಿಗೆಯದೋ, ಹುಡುಗನಿಗೆ ಚಟ ಇದೆಯೋ ಎಂದು ಅಪ್ಪ ಹತ್ತು ಕಡೆ ವಿಚಾರಿಸಿದ್ದ. ಇದೊಂದನ್ನು ಕೇಳಿರಲಿಲ್ಲ.

“ಹೂಂ, ಬಂದಿದ್ದ” ಎಂದೆ.

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ನನ್ನ ಕೈಗೆ ಕೊಟ್ಟ. ಅಳು ಬಂದದ್ದು ನನಗೆ ಆಗಲೇ ತಿಳಿದದ್ದು.